ನಟ್ಟಿನ ಮೇಲಿನ ಕೆಂಪು ಗೆರೆ

ನಮ್ಮ ಮನೆಯಲ್ಲಿ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡದೆ ಯಾರೂ ಮೆಟ್ಟಿಲು ಇಳಿದವರಲ್ಲ. ಉಡುಪಿಯಿಂದ ಸ್ವೀಡನ್ನಿಗೆ ಬರುವಾಗ ಆ ಚಾಳಿಯೂ ನನ್ನ ಜೊತೆಗೇ ಬಂತು. ಯಾರಾದರೂ "ಆಯ್ತು" ಎಂದರೆ ನನಗೆ ಆಗಿಲ್ಲವೆಂದೇ ಅನಿಸುತ್ತದೆ.

ಆ ಸಲ ನಾವು ಮೆಕ್ಯಾನಿಕ್ಕುಗಳು, ನಮ್ಮ ಕಾರ್ಖಾನೆಯಿರುವ ಟ್ರೋಲ್‌ಹೆಟ್ಟನ್‌ನಿಂದ ಉತ್ತರದ ಒಂದು ರನ್‌ವೇಗೆ ಹೋಗಿದ್ದೆವು. ಬಾಹ್ಯಾಕಾಶಕ್ಕೆ ಹೋಗಿಬಂದ ನೌಕೆ ಅಲ್ಲಿ ಇಳಿದಿತ್ತು. ಮತ್ತೆ ಕಳಿಸಬೇಕಾದ ನೌಕೆ. ಆದರೆ ನೆಲಕ್ಕಿಳಿದ ಮೇಲೆ ತಾನಾಗಿ ಹಾರಲಾರದು. ದೊಡ್ಡ ವಿಮಾನದ ಬೆನ್ನಿಗೆ ಬಿಗಿದು, ಅದನ್ನು ಉಡಾಯಿಸುವ ಜಾಗಕ್ಕೆ ಒಯ್ಯಬೇಕು. ನೌಕೆಯನ್ನು ವಿಮಾನಕ್ಕೆ ಹಿಡಿದಿಡುವ ಹಿಂದಿನ ಆಸರೆಯ ನಟ್ಟು ಬಿಗಿದದ್ದು ಹುಬ್ಬಳ್ಳಿ ಕಡೆಯ ಹೆಣ್ಣುಮಗಳು. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಖಾಯಂ ಮಾಡುವುದೋ ಬಿಡುವುದೋ, ಆ ಶುಕ್ರವಾರ ತೀರ್ಮಾನ. ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋದಂತೆಯೇ. ಆಕೆ ಬಿಗಿದು, ನಟ್ಟಿನಿಂದ ಪಕ್ಕದ ಲೋಹದವರೆಗೆ ಕೆಂಪು ಬಣ್ಣದ ಗೆರೆ ಎಳೆದಳು. ನಟ್ಟು ಕದಲಿದರೆ ಗೆರೆ ಬಿರಿಯುತ್ತದೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಪಕ್ಕದಲ್ಲೇ ನಿಂತು ನೋಡಿ, ಸರಿಯಿದೆ ಎಂದು ನಾನು ಸಹಿ ಹಾಕಿದೆ.

ಎಲ್ಲರೂ ಕಾಫಿಗೆ, ಇಲ್ಲಿಯವರ ಫೀಕಾಕ್ಕೆ, ಹೋದರು. ನನಗೆ ಕಾಫಿ ರುಚಿಸಲಿಲ್ಲ. ಇಷ್ಟು ಬೇಗ ಹೇಗೆ ಮುಗಿಸಿದಳು? ಆಕೆಯ ಮನಸ್ಸೆಲ್ಲ ಫೀಕಾದ ಮೇಲೇ ಇತ್ತೋ ಏನೋ. ಕಳ್ಳನ ಹಾಗೆ ವಾಪಸ್ ಬಂದು, ಸ್ಪ್ಯಾನರ್ ಹಾಕಿ ಒಂದೇ ಒಂದು ಸಲ ಜಗ್ಗಿದೆ. ಗೆರೆ ಕೂದಲೆಳೆಯಷ್ಟು ಬಿರಿಯಿತು.

ಫೀಕಾ ಮುಗಿಸಿ ಎಲ್ಲರೊಂದಿಗೆ ಬಂದ ನಮ್ಮ ಮೇಲ್ವಿಚಾರಕಿ ಟಾರ್ಚು ಬಿಟ್ಟು ನೋಡಿದಳು. ಯಾರು ಮುಟ್ಟಿದ್ದು ಎಂದು ಕೇಳಿದಳು. ಇಲ್ಲಿ ಯಾರೂ ಕೂಗಾಡುವುದಿಲ್ಲ. ಸುಮ್ಮನಾಗುತ್ತಾರೆ, ಅದು ಇನ್ನೂ ಕಷ್ಟ. ಎಲ್ಲರೂ ಹುಬ್ಬಳ್ಳಿಯವಳತ್ತ ನೋಡಿದರು. ಆಕೆ ನನ್ನತ್ತ ತಿರುಗಿದಳು.

"ಸರ್, ಸರಿಯಾಗೇ ಬಿಗಿ ಮಾಡಿದ್ನಲ್ರೀ. ನೀವೇ ನೋಡಿದ್ರಲ್ಲ, ಹೇಳ್ರಿ ಅವ್ರಿಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಕೈಗೆ ಹತ್ತಿದ್ದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡೆ. ಮೇಲ್ವಿಚಾರಕಿ ತಪ್ಪು ದಾಖಲಿಸುವ ಹಾಳೆ ತೆಗೆದು ಆಕೆಯ ಹೆಸರು ಬರೆದು ಮುಗಿಸುವವರೆಗೂ ನನ್ನ ಬಾಯಿ ತೆರೆಯಲಿಲ್ಲ. ಆಮೇಲೆ "ನಾನೇ" ಎಂದೆ. ಅಷ್ಟು ಹೊತ್ತು ಸುಮ್ಮನಿದ್ದೆನಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಕೆ ಬಳಸಿದ್ದು ಬಿಗಿತದ ಅಳತೆಯನ್ನು ತಾನೇ ದಾಖಲಿಸಿಕೊಳ್ಳುವ ಸ್ಪ್ಯಾನರು; ಅದರ ದಾಖಲೆ ತೆಗೆದು ನೋಡಿದರು. ಬಿಗಿ ಸರಿಯಾಗಿಯೇ ಇತ್ತು. ನಾನು ಕೆಡಿಸಿದ ನಟ್ಟು ಬಿಚ್ಚಿ, ಆಕೆಯೇ ಹೊಸದನ್ನು ಹಾಕಿದಳು. ಈ ಸಲ ಸಹಿಗೆ ನನ್ನನ್ನು ಕರೆಯಲಿಲ್ಲ.

ಮರುದಿನ ನೌಕೆ ವಿಮಾನದ ಬೆನ್ನೇರಿ ಹೋಯಿತು. ಶುಕ್ರವಾರ ಆಕೆಯ ಕೆಲಸವೂ ಖಾಯಂ ಆಯಿತು. ಈಗಲೂ ಫೀಕಾಕ್ಕೆ ಅಕ್ಕಪಕ್ಕದಲ್ಲೇ ಕೂರುತ್ತೇವೆ, ಸರ್ ಎಂದೇ ಕರೆಯುತ್ತಾಳೆ. ನಾನು ಕೆಲಸ ಮುಗಿಸಿ "ಆಯ್ತಮ್ಮ" ಎಂದಾಗ ಮಾತ್ರ ಎದ್ದು ಬಂದು, ಇನ್ನೊಮ್ಮೆ ನೋಡಿ ಹೋಗುತ್ತಾಳೆ.