ಪದ್ಮಳ ಬಾಗಿಲಿಗೆ ಕಟ್ಟಿದ ಗೋಣಿ

ಆಗ ನನಗೆ ಐವತ್ತೊಂಬತ್ತು ಇರಬಹುದು. ಅದಾಗಿ ಎಂಟು ವರ್ಷ ಕಳೆಯಿತು. ಹುಳುಮನೆ ಕೂಲಿ ನನ್ನ ಕೆಲಸ. ರೇಷ್ಮೆ ಹುಳು ಸಾಕುವವರ ಮನೆಗೆ ಕಡೆಯ ಹತ್ತು ದಿನ ಹೋಗಿ ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು. ಶ್ರೀನಿವಾಸಪುರ ತಾಲೂಕಿನಲ್ಲಿ ರಾಯಲ್ಪಾಡಿನ ಕಡೆ ನಮ್ಮೂರು. ಮಾವು, ಟೊಮೆಟೊ ಬಿಟ್ಟರೆ ಹಿಪ್ಪುನೇರಳೆಯೇ ಇಲ್ಲಿ ಬೆಳೆ.

ನಾನು ಓದಿದ್ದು ಎರಡನೇ ಕ್ಲಾಸು. ಹುಳುವಿನ ಕಾಯಿಲೆ ಮಾತ್ರ ಓದದೆಯೇ ಬಂತು. ಮೈ ಊದಿಕೊಂಡು, ಕಾಲು ಚುಚ್ಚಿದಾಗ ಹಾಲು ಸೋರಿದರೆ ಅದು ಹಾಲುತೊಂಡೆ. ಬಳಪದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾದರೆ ಸುಣ್ಣಕಟ್ಟು. ಮೆತ್ತಗಾಗಿ ಕಪ್ಪಗೆ ಕೊಳೆತರೆ ಸಪ್ಪೆರೋಗ. ಯಾರ ಮನೆಯಲ್ಲಿ ಹುಳು ಸತ್ತು ಬಿದ್ದರೂ ನನ್ನನ್ನು ಕರೆದು ತೋರಿಸುತ್ತಿದ್ದರು. ಒಂದು ಮನೆಯ ಹುಳು ಮುಟ್ಟಿದವಳು ಸ್ನಾನ ಮಾಡಿ, ಸೀರೆ ಬದಲಾಯಿಸದೆ ಇನ್ನೊಂದು ಹುಳುಮನೆಗೆ ಕಾಲಿಡುವಂತಿಲ್ಲ. ಅದು ಈ ಕೆಲಸದ ಕಟ್ಟಳೆ. ನನಗೆ ಸಂಶಯ ಹೆಚ್ಚು. ಮನುಷ್ಯರ ಮೇಲೂ ಹೆಚ್ಚು. ಈ ಕೆಲಸಕ್ಕೆ ಅದು ಒಳ್ಳೆಯದೇ ಆಯಿತು.

ನಮ್ಮ ಬೀದಿಯ ಕೊನೆಗೆ ನಾರಾಯಣಪ್ಪನ ಮನೆ. ಅವನಿಗೆ ಎಪ್ಪತ್ತು ದಾಟಿತ್ತು, ಮೊಣಕಾಲು ಎರಡೂ ಹೋಗಿದ್ದವು. ಹೆಂಡತಿ ಮುನೆಮ್ಮ ನನ್ನ ಓರಗೆಯವಳು. ಹುಳು ಸಾಕುವುದು ಬಿಟ್ಟು ನಾಲ್ಕು ವರ್ಷವಾಗಿತ್ತು. ಮಾಲೂರಿಗೆ ಕೊಟ್ಟಿದ್ದ ಮಗಳು ಪದ್ಮ, ಗಂಡ ಸತ್ತ ಮೇಲೆ ಒಂದು ಸೂಟ್‌ಕೇಸು ಹಿಡಿದು ಬಂದಳು. ಬಂದ ಮೂರನೇ ತಿಂಗಳಿಗೆ ಮುದುಕ ಮತ್ತೆ ಹುಳು ಸಾಕುವ ತಟ್ಟೆ ತೊಳೆದ, ಹುಳು ತಂದ. ಈ ವಯಸ್ಸಿನಲ್ಲಿ ದುಡ್ಡಿನ ಅವಸರ ಯಾಕೆ? ಆಗಲೇ ನನಗೆ ಏನೋ ಇದೆ ಅನ್ನಿಸಿತು.

ಗಂಡ ಯಾವುದರಿಂದ ಸತ್ತ ಎಂದರೆ ಮುನೆಮ್ಮ ಒಂದು ದಿನ ಟೈಫಾಯಿಡ್ ಎನ್ನುತ್ತಿದ್ದಳು, ಇನ್ನೊಂದು ದಿನ ಲಿವರ್ ಎನ್ನುತ್ತಿದ್ದಳು. ತಾಯಿ ಮಗಳು ತಿಂಗಳಿಗೊಮ್ಮೆ ಮೊದಲನೇ ಬಸ್ಸಿಗೆ ಕೋಲಾರಕ್ಕೆ ಹೋಗಿ ಮಧ್ಯಾಹ್ನದ ಮೇಲೆ ಬರುತ್ತಿದ್ದರು. ಒಂದು ದಿನ ಹುರುಳಿ ಕೇಳುವ ನೆವ ಮಾಡಿಕೊಂಡು ಹೋಗಿ, ನಾನೇ ಡಬ್ಬಿಗೆ ಕೈ ಹಾಕಿದೆ. ಹುರುಳಿಯೊಳಗೆ ಮಾತ್ರೆಯ ಬಾಟಲಿ ಸಿಕ್ಕಿತು, ಮೇಲಿನ ಚೀಟಿ ಕಿತ್ತುಹಾಕಿತ್ತು.

"ಏನೇ ಇದು?"

"ಥೈರಾಯ್ಡು ಕಣಕ್ಕಾ" ಎಂದು ಮುನೆಮ್ಮ ಬಾಟಲಿ ಕಿತ್ತುಕೊಂಡಳು.

ಥೈರಾಯ್ಡಿಗೆ ಚೀಟಿ ಯಾಕೆ ಕೀಳಬೇಕು? ಪದ್ಮಳ ಲೋಟದ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದನ್ನೂ ನೋಡಿದೆ. ಏಡ್ಸ್ ಇರಬೇಕೆಂದು ಲೆಕ್ಕ ಹಾಕಿದೆ. ಹಾಕಿ ಸುಮ್ಮನಿರಲಿಲ್ಲ. ಅವರ ಪಕ್ಕದ ಮನೆ ಗೋಪಾಲಪ್ಪನಿಗೆ ಹೇಳಿದವಳು ನಾನೇ. ಅವನೂ ಹುಳು ಸಾಕುವವನು. ಅವನಿಂದ ಊರಿಗೆಲ್ಲ ಗೊತ್ತಾಯಿತು. ಮುಳಬಾಗಿಲಿನಲ್ಲಿದ್ದ ಪದ್ಮಳ ಅಣ್ಣನಿಗೂ ಸುದ್ದಿ ಮುಟ್ಟಿ, ಅವನು ಊರಿಗೆ ಬರುವುದನ್ನೇ ಬಿಟ್ಟ. ಮುನೆಮ್ಮನ ಹಟ್ಟಿಯಿಂದ ಹಾಲು ಕೊಳ್ಳುವುದನ್ನು ಜನ ನಿಲ್ಲಿಸಿದರು. ನಾನೂ ನಿಲ್ಲಿಸಿದೆ.

ಹುಳು ನಾಲ್ಕು ಸಲ ಊಟ ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾರಾಯಣಪ್ಪನ ಹುಳು ನಾಲ್ಕನೇ ಜ್ವರ ಎದ್ದು ಮೂರನೇ ದಿನ ಬೆಳಿಗ್ಗೆ ಮುನೆಮ್ಮ ಓಡಿ ಬಂದಳು. ಹಾಲು ನಿಲ್ಲಿಸಿದ ಮೇಲೆ ನನ್ನ ಹೊಸಲು ತುಳಿದಿರಲಿಲ್ಲ.

"ಚೌಡಕ್ಕಾ, ಹುಳ ಬೀಳ್ತಾ ಅವೆ. ಬಂದು ನೋಡೆ. ಗೋಪಾಲಪ್ಪ ಬಂದು ನಿಂತವ್ನೆ, ಪದ್ಮನ ಕಾಯ್ಲೇನೇ ಹುಳಕ್ಕೆ ಅಂಟೈತೆ ಅಂತಾವ್ನೆ. ಸಾಯಂಕಾಲದೊಳಗೆ ಅವಳ್ನ ಯಾವ್ದಾನಾ ಆಶ್ರಮಕ್ಕೆ ಬಿಟ್ಟು ಬರ್ಬೇಕಂತೆ."

"ನಿನ್ ಗಂಡ ಏನಂತಾನೆ?"

"ಏನೂ ಅನ್ನಲ್ಲ. ಸೂಟ್‌ಕೇಸು ಕೆಳಗಿಳಿಸವ್ನೆ."

ಹೋದೆ. ಹೋಗುವಾಗ ನನ್ನ ಮನಸ್ಸಿನಲ್ಲೂ ಗೋಪಾಲಪ್ಪನ ಮಾತೇ ಇತ್ತು. ಸುಳ್ಳು ಯಾಕೆ ಹೇಳಲಿ?

ಗೋಪಾಲಪ್ಪ ಅಂಗಳದಲ್ಲಿ, ಹುಳುಮನೆಗೆ ದೂರವಾಗಿ ನಿಂತಿದ್ದ. ಅವನ ಹುಳು ಅವತ್ತು ನಾಲ್ಕನೇ ಜ್ವರದಲ್ಲಿ ಮಲಗಿತ್ತು, ಮಾರನೇ ದಿನ ಏಳುವುದಿತ್ತು. ಎದ್ದ ಮೇಲೆ ಸೊಪ್ಪು ಹಾಕಲು ನನ್ನನ್ನೇ ಗೊತ್ತುಮಾಡಿದ್ದ.

"ನೋಡಕ್ಕೋ" ಎಂದ. "ಈ ಮನೆ ಹುಳ ಮುಟ್ಟಿದ್ರೆ ನಾಳೆ ನಮ್ಮನೆ ಕಡೆ ಬರ್ಬೇಡ."

"ನಿನ್ ಹುಳ ನೀನೇ ಮೇಯ್ಸ್ಕೋ ಹೋಗು" ಎಂದು ಒಳಗೆ ಹೋದೆ.

ತಟ್ಟೆ ನೋಡಿದೆ. ಹಾಲು ಸೋರಿರಲಿಲ್ಲ, ಬೆಳ್ಳಗಾಗಿರಲಿಲ್ಲ, ಕೊಳೆತಿರಲಿಲ್ಲ. ಹುಳು ತಲೆ ಎತ್ತಿ ಅತ್ತಿತ್ತ ಒದ್ದಾಡುತ್ತಿತ್ತು. ಬಾಯಿಂದ ಹಸಿರು ನೀರು ಕಕ್ಕುತ್ತಿತ್ತು, ಮೈ ಕುಗ್ಗಿ ಮೋಟಾಗಿತ್ತು. ಇದು ಯಾವ ಕಾಯಿಲೆಯೂ ಅಲ್ಲ. ವಿಷ.

ಈಗ ನನ್ನ ಸಂಶಯ ಗೋಪಾಲಪ್ಪನ ಮೇಲೆ ತಿರುಗಿತು. ಅವನ ಟೊಮೆಟೊ ಹೊಲ ಇವರ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡಿದೆ. ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ಇತ್ತ ಹಾರಿರಬಹುದು, ಬೇಕೆಂದೇ ಹಾರಿಸಿರಲೂಬಹುದು. ಸೊಪ್ಪಿನ ಮೇಲೆ ಸಂಶಯ ಬಂದರೆ ನಾವು ಮಾಡುವುದು ಒಂದೇ. ಚೆನ್ನಾಗಿರುವ ನಾಲ್ಕು ಹುಳು ಬೇರೆ ಮಾಡಿ ಆ ಸೊಪ್ಪು ಹಾಕಿ, ಕೂತು ನೋಡುವುದು. ತೋಟದಿಂದ ಆಗಷ್ಟೇ ಕಿತ್ತ ಸೊಪ್ಪನ್ನು ಒಂದು ಮೊರದಲ್ಲಿ ಹಾಕಿದೆ. ಮನೆಯೊಳಗೆ ಶೇಖರಿಸಿಟ್ಟ ಸೊಪ್ಪನ್ನು ಇನ್ನೊಂದು ಮೊರದಲ್ಲಿ ಹಾಕಿದೆ. ಎರಡಕ್ಕೂ ನಾಲ್ಕು ನಾಲ್ಕು ಹುಳು ಬಿಟ್ಟೆ.

ಕೂತೆ. ಪದ್ಮ ಪಡಸಾಲೆಯ ಗೋಡೆಗೆ ಒರಗಿದ್ದಳು. ಕಣ್ಣುಗಳು ಕೆಂಪಗಾಗಿ ನೀರಾಡುತ್ತಿದ್ದವು.

"ಏನೇ, ಹಿಂಗಾಗಿದ್ದೀಯ?"

"ತಲೆ ಸಿಡೀತೈತೆ ಅತ್ತೆ. ವಾರದಿಂದ ವಾಂತಿ. ಮಾತ್ರೆ ಒಗ್ಗಲಿಲ್ಲ ಅಂತ ನಾಲ್ಕು ದಿನದಿಂದ ಬಿಟ್ಟಿದ್ದೀನಿ."

"ಥೈರಾಯ್ಡ್ ಮಾತ್ರೆನಾ?"

ಅವಳು ನನ್ನ ಮುಖ ನೋಡಿದಳು. "ನಿಂಗೆ ಗೊತ್ತಿಲ್ದೆ ಊರಿಗೆ ಹೆಂಗತ್ತೆ ಗೊತ್ತಾಯ್ತು?" ಎಂದಳು. ನಾನು ಮೊರ ನೋಡುತ್ತಾ ಕೂತೆ.

ಅಷ್ಟರಲ್ಲಿ ತೋಟದ ಸೊಪ್ಪು ತಿಂದ ಹುಳು ಎಲೆಯ ಅಂಚು ಹಿಡಿದು ಚಟಚಟ ಮೇಯುತ್ತಿತ್ತು. ಮನೆಯ ಸೊಪ್ಪು ತಿಂದದ್ದು ತಲೆ ಒದರಿ ಹಸಿರು ಕಕ್ಕಿತು. ಅಲ್ಲಿಗೆ ಗೋಪಾಲಪ್ಪ ನನ್ನ ಸಂಶಯದಿಂದ ತಪ್ಪಿಸಿಕೊಂಡ. ಸೊಪ್ಪು ಕೆಟ್ಟಿದ್ದು ಹೊಲದಲ್ಲಲ್ಲ, ಈ ಮನೆಯೊಳಗೆ.

ಸೊಪ್ಪಿನ ಕೋಣೆಗೆ ಹೋದೆ. ಸೊಪ್ಪು ಬಾಡದಿರಲಿ ಎಂದು ಒದ್ದೆ ಗೋಣಿ ಹೊದಿಸಿತ್ತು. ಒಂದೊಂದೇ ಗೋಣಿ ಎತ್ತಿ ಮೂಸಿದೆ. ಮೂರನೆಯದು ಕೆಟ್ಟ ಬೆಳ್ಳುಳ್ಳಿಯ ಹಾಗೆ ಮೂಗಿಗೆ ಹೊಡೆಯಿತು. ಮನೆಯೆಲ್ಲ ಬ್ಲೀಚಿಂಗ್ ಪೌಡರ್ ವಾಸನೆ ಇದ್ದದ್ದರಿಂದ ಅಲ್ಲಿಯವರೆಗೆ ಯಾರ ಮೂಗಿಗೂ ಇದು ಬಿದ್ದಿರಲಿಲ್ಲ. ಗೋಣಿಯ ಎರಡು ಮೂಲೆಗೆ ದಾರ ಕಟ್ಟಿತ್ತು.

"ಮುನೆಮ್ಮಾ, ಇದೆಲ್ಲಿತ್ತೇ?"

"ಪದ್ಮನ ಬಾಗ್ಲಲ್ಲಿ. ಇವರು ನೇತಾಕಿದ್ರು, ತಂಪಿಗೇನೋ ಅಂದ್ಕೊಂಡೆ. ಸೊಪ್ಪಿಗೆ ಗೋಣಿ ಸಾಲ್ದೆ ನಿನ್ನೆ ಬಿಚ್ಕೊಂಡು ಬಂದೆ."

ಪದ್ಮಳ ಕೋಣೆಗೆ ಹೋದೆ. ಬಾಗಿಲಿಗೆ ಆಗಲೇ ಇನ್ನೊಂದು ಗೋಣಿ ತೂಗುತ್ತಿತ್ತು, ಅದೂ ಒದ್ದೆ. ಗೋಡೆಗೆ ಸುಣ್ಣ ಬಳಿದಿತ್ತು, ನೆಲಕ್ಕೆ ಬ್ಲೀಚಿಂಗ್ ಚೆಲ್ಲಿತ್ತು, ಕಿಟಕಿಯ ಸಂದಿಗೆಲ್ಲ ಪೇಪರ್ ಅಂಟಿಸಿತ್ತು. ಹುಳು ತರುವ ಮುಂಚೆ ಹುಳುಮನೆಯನ್ನು ತೊಳೆದು ಮುಚ್ಚುವ ಕ್ರಮವೇ ಅದು, ಮುದುಕ ಒಂದಿಷ್ಟೂ ತಪ್ಪಿಲ್ಲದೆ ಮಾಡಿದ್ದ. ಮಂಚದ ಕೆಳಗೆ ಟೊಮೆಟೊಗೆ ಔಷಧಿ ಹೊಡೆಯುವ ಸ್ಪ್ರೇಯರ್ ಇತ್ತು.

ನಾರಾಯಣಪ್ಪನನ್ನು ಕರೆದೆ. ಗೋಡೆ ಹಿಡಿದುಕೊಂಡು ಬಂದ.

"ಏನಯ್ಯಾ ಇದು?"

"ಕೋಲಾರದಾಗೆ ಪದ್ಮನಿಗಿರೋದು ವೈರಸ್ಸು ಅಂದ್ರು. ಹಾಲುತೊಂಡೆನೂ ವೈರಸ್ಸೇ ಅಂತ ರೇಷ್ಮೆ ಆಫೀಸ್ನೋರು ಹೇಳಿದ್ರಲ್ಲ. ಅದಕ್ಕೇನ್ ಮಾಡ್ತೀವೋ ಅದ್ನೇ ಮಾಡ್ದೆ. ಬ್ಲೀಚಿಂಗ್ ಸಾಲ್ಲಿಲ್ವೇನೋ ಅಂತ ವಾರದಿಂದ ಟೊಮೆಟೊ ಔಸ್ತಿ ಹಾಕಿದೆ. ಅವಳು ಹೊರಗೆ ಹೋದಾಗ ಗೋಡೆಗೂ ಗೋಣಿಗೂ ದಿನಾ ಹೊಡೀತಿದ್ದೆ."

"ಆಸ್ಪತ್ರೇಲಿ ಹಂಗ್ ಮಾಡು ಅಂದ್ರಾ?"

"ಮಾತ್ರೆ ತಪ್ಪಿಸ್ಬೇಡಿ, ಜೊತೇಲಿ ಕೂತು ತಿಂದ್ರೆ, ಮುಟ್ಟಿದ್ರೆ ಬರಲ್ಲ ಅಂದ್ರು. ಸಮಾಧಾನಕ್ಕೆ ಅಂತಾರೆ ಅಂದ್ಕೊಂಡೆ."

"ಹಾಲುತೊಂಡೆ ಬಂದ ಹುಳನ ಏನ್ ಮಾಡ್ತೀವಿ? ಎತ್ತಿ ಬ್ಲೀಚಿಂಗ್ ನೀರಿಗೆ ಹಾಕ್ತೀವಿ. ಮಗಳ್ನೂ ಹಾಕ್ತಿದ್ಯಾ?"

ಮುದುಕ ಅಲ್ಲೇ ಹೊಸಲಿನ ಮೇಲೆ ಕೂತ. "ನಾಕೇಮಿ ತೆಲುಸಕ್ಕಾ" ಎಂದ. ನನಗೇನು ಗೊತ್ತು ಎಂದು. ನಮ್ಮ ಕಡೆ ಮುದುಕರಿಗೆ ದಿಕ್ಕು ತೋಚದಿದ್ದರೆ ಬಾಯಿಗೆ ತೆಲುಗೇ ಬರುವುದು. ಪದ್ಮ ಅಪ್ಪನನ್ನು ನೋಡಿದಳು. ಹೋಗಿ ಬಾಗಿಲಿನ ಗೋಣಿ ಬಿಚ್ಚಲು ಕೈ ಎತ್ತಿದಳು. ಬರಿಗೈಯಲ್ಲಿ ಮುಟ್ಟಬೇಡ ಎಂದು ಗದರಿ ಕೋಲು ಕೊಟ್ಟೆ.

ಅಂಗಳಕ್ಕೆ ಬಂದು ಗೋಪಾಲಪ್ಪನಿಗೂ ಹೇಳಿದೆ. ಅವನು ಗದ್ದ ಕೆರೆದುಕೊಂಡ.

"ವಿಷಾನೇ ಇರ್ಲಕ್ಕಾ. ಆದ್ರೂ ಆ ಕಾಯ್ಲೆ ಇರೋದು ನಿಜ ತಾನೆ? ನೀನೇ ಹೇಳ್ದೋಳು."

"ನಾನೇ ಹೇಳ್ದೆ. ಈಗ ಇದ್ನೂ ನಾನೇ ಹೇಳ್ತಾ ಇದ್ದೀನಿ. ಹುಳ ಕೊಂದಿದ್ದು ಅವಳಲ್ಲ. ಇದ್ನೂ ಹೋಗಿ ಊರಿಗೆಲ್ಲ ಹೇಳು, ಅದ್ನ ಹೇಳ್ದಂಗೆ."

ಅವನು ಹೋದ. ಹೇಳಿದನೋ ಇಲ್ಲವೋ, ನನಗೆ ಇವತ್ತಿಗೂ ನಂಬಿಕೆ ಇಲ್ಲ.

ಆಸ್ಪತ್ರೆಗೆ ಹೋಗುತ್ತೇವೆಂಬ ಮುನೆಮ್ಮನ ಮಾತು ನಂಬದೆ, ಕೋಲಾರದ ಹನ್ನೊಂದರ ಬಸ್ಸಿಗೆ ನಾನೇ ನಿಂತು ತಾಯಿ ಮಗಳನ್ನು ಹತ್ತಿಸಿದೆ. ಟೊಮೆಟೊ ಔಷಧಿ ಉಸಿರಿಗೆ ಹೋದದ್ದನ್ನೂ ಮಾತ್ರೆ ಬಿಟ್ಟದ್ದನ್ನೂ ಡಾಕ್ಟರ ಹತ್ತಿರ ಮುಚ್ಚಿಡಬೇಡ ಎಂದು ಪದ್ಮಳಿಗೆ ಎರಡು ಸಲ ಹೇಳಿದೆ. ಅವರು ಬರುವಷ್ಟರಲ್ಲಿ ನಾನೂ ಮುದುಕನೂ ಬಿದ್ದ ಹುಳುವನ್ನೆಲ್ಲ ಗುಂಡಿ ತೋಡಿ ಮುಚ್ಚಿದೆವು. ಗೋಣಿಗಳನ್ನೂ ಹೂತೆವು. ಕೋಣೆಯನ್ನು ಸೋಪಿನ ನೀರಿನಲ್ಲಿ ತೊಳೆದು ಕಿಟಕಿ ತೆರೆದೆವು. ಉಳಿದದ್ದು ಆರು ತಟ್ಟೆ ಹುಳು. ಸೂಟ್‌ಕೇಸನ್ನು ಮುದುಕ ತಾನೇ ಅಟ್ಟಕ್ಕೆ ಹಾಕಿದ, ನಾನು ಹೇಳಲಿಲ್ಲ. ಸಂಜೆಯ ಬಸ್ಸಿಗೆ ಅವರು ಬಂದರು. ತಲೆನೋವು, ವಾಂತಿ ಮಾತ್ರೆಯದ್ದಲ್ಲ, ಟೊಮೆಟೊ ಔಷಧಿಯದ್ದೇ ಎಂದು ಡಾಕ್ಟರು ಹೇಳಿದರಂತೆ. ಆ ಕೋಣೆಯಲ್ಲಿ ಮಲಗಬೇಡ, ಮಾತ್ರೆ ಇವತ್ತಿನಿಂದಲೇ ನುಂಗು ಎಂದರಂತೆ. ಮುನೆಮ್ಮ ಬಾಟಲಿಯನ್ನು ಹುರುಳಿಯೊಳಗೆ ಹಾಕಲಿಲ್ಲ, ದೇವರ ಗೂಡಿನ ಪಕ್ಕ ಇಟ್ಟಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಹುಳು ಬಿದ್ದರೆ ಮೊದಲು ಸೊಪ್ಪು ನೋಡಬೇಕು, ಗೋಣಿ ಮೂಸಬೇಕು, ಆಮೇಲೆ ಬಾಯಿ ಬಿಡಬೇಕು. ಪದ್ಮಳ ವಿಷಯದಲ್ಲಿ ನಾನು ಮೊದಲೇ ಬಾಯಿ ಬಿಟ್ಟಿದ್ದೆ. ಎಲ್ಲರ ಮೇಲೂ ಸಂಶಯಪಡುವವಳು ನನ್ನ ಬಾಯಿಯ ಮೇಲೆ ಪಟ್ಟಿರಲಿಲ್ಲ.

ಮಾರನೇ ಬೆಳಿಗ್ಗೆ ಆ ಆರು ತಟ್ಟೆಗೆ ಸೊಪ್ಪು ಹಾಕಿ, ಕಟ್ಟಳೆಯ ಪ್ರಕಾರ ಅವರ ಹಿತ್ತಿಲಿನಲ್ಲೇ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಗೋಪಾಲಪ್ಪನ ಹುಳುಮನೆಗೆ ಹೋದೆ. ಅವನು ಬಾಗಿಲಿಗೆ ಅಡ್ಡ ನಿಂತಿದ್ದ.

"ಸ್ನಾನ ಆಯ್ತಾ?"

"ಆಯ್ತು. ಪದ್ಮ ನೀರು ಹಾಕಿದ್ಲು, ಬೆನ್ನೂ ಉಜ್ಜಿದ್ಲು."

ಅವನು ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಒಳಗೆ ಹುಳು ಜ್ವರ ಎದ್ದು, ತಲೆ ಎತ್ತಿ ಸೊಪ್ಪು ಹುಡುಕುತ್ತಿತ್ತು. ಎದ್ದ ಹುಳುವನ್ನು ಹಸಿದಿರಲು ಬಿಡುವಂತಿಲ್ಲ. ಊರಿನಲ್ಲಿ ಅವತ್ತು ಬೇರೆ ಆಳೂ ಇರಲಿಲ್ಲ. ಅವನು ಒಮ್ಮೆ ಒಳಗೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಪಕ್ಕಕ್ಕೆ ಸರಿದ.

ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.