ಅಂಬುಜಾ ಮನೌಸನ್ನೇ ಆರಿಸಿಕೊಂಡದ್ದು

ರೇನರ್ಸ್ ಲೇನ್‌ನ ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ತೆಗೆದು ಕವರಿಗೆ ಹಾಕುವ ಕೆಲಸಕ್ಕೆ ಅಂಬುಜಾ ಸೇರಿ ಇಪ್ಪತ್ತು ವರ್ಷವಾಗುತ್ತ ಬಂತು. ಯಾವ ಮಾತ್ರೆಯ ಜೊತೆ ಯಾವುದು ಕೂಡದು ಎಂಬುದು ಅವರಿಗೆ ಸಾರಿನ ಉಪ್ಪುಹುಳಿಯಷ್ಟೇ ಸಲೀಸು. ಹಾಗಾಗಿ, ಗೊತ್ತಿಲ್ಲದೆ ಆಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಅವರಿಗೆ ದಾರಿಯೇ ಇರಲಿಲ್ಲ.

ಅರವತ್ತು ತುಂಬುವುದರೊಳಗೆ ಮಳೆಕಾಡೊಂದನ್ನು ನೋಡಬೇಕು ಎಂಬುದು ಅವರ ಬಹಳ ದಿನದ ಆಸೆ. ಬಿಡುವಾದಾಗಲೆಲ್ಲ ಕ್ಯೂ ಸಸ್ಯೋದ್ಯಾನಕ್ಕೆ ಹೋಗಿ, ಗಾಜಿನ ಮನೆಯ ಬಿಸಿ ಹಬೆಯಲ್ಲಿ ಕನ್ನಡಕ ಮಂಜಾಗುವವರೆಗೆ ಸುಮ್ಮನೆ ನಿಂತು ಬರುತ್ತಿದ್ದರು. ಪತಿ ನರಸಿಂಹಮೂರ್ತಿ ಜೊತೆಗೆ ಬಂದ ದಿನ ಮಾತ್ರ ಈ ಸುಮ್ಮನಿರುವುದು ಸಾಧ್ಯವಾಗುತ್ತಿರಲಿಲ್ಲ. ಅವರು ಪ್ರತಿ ಗಿಡದ ಫಲಕವನ್ನೂ ಗಟ್ಟಿಯಾಗಿ ಓದಿ, ಲಾಲ್‌ಬಾಗಿನಲ್ಲಿ ಇದಕ್ಕಿಂತ ದೊಡ್ಡದಿದೆ ಎಂದು ಹೇಳಿ, ಕಾಫಿಗೆ ಹೊರಡಿಸಿಬಿಡುತ್ತಿದ್ದರು. ಸ್ಥಳೀಯ ಕೌನ್ಸಿಲ್ ಕಚೇರಿಯ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಮಾತಿಗೆ ಹೆಂಡತಿಯೊಬ್ಬರೇ ಶ್ರೋತೃ. ಮನುಷ್ಯ ಒಳ್ಳೆಯವರು, ಅಂಬುಜಾರ ಕಷ್ಟವೂ ಅದೇ. ಕೆಟ್ಟವರಾಗಿದ್ದರೆ ಬಿಟ್ಟು ಹೋಗುವುದು ಸುಲಭವಿತ್ತು.

ಕಾಡಿಗೆ ಹೋಗಲು ಅವರ ಮುಂದೆ ಎರಡು ದಾರಿಗಳಿದ್ದವು. ಕುಚಿಂಗ್ ಊರಿಗೆ ಹೋಗಿ ಅಲ್ಲಿಂದ ಬೋರ್ನಿಯೋದ ಕಾಡು. ಇಲ್ಲವೇ ಬ್ರೆಜಿಲ್‌ನ ಮನೌಸ್‌ಗೆ ಹೋಗಿ ಅಲ್ಲಿಂದ ದೋಣಿಯಲ್ಲಿ ಅಮೆಜಾನ್. ಮನೌಸ್ ಕಡೆ ಹೋಗುವವರು ಯೆಲ್ಲೋ ಫೀವರ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಕೀಲುವಾತಕ್ಕೆ ಮೂರ್ತಿ ವಾರಕ್ಕೊಮ್ಮೆ ನುಂಗುವ ಮಾತ್ರೆ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದ್ದು. ಅದನ್ನು ತೆಗೆದುಕೊಳ್ಳುವವರಿಗೆ ಆ ಇಂಜೆಕ್ಷನ್ ಕೊಡುವುದಿಲ್ಲ. ಆ ಮಾತ್ರೆಯನ್ನು ಕವರಿಗೆ ಹಾಕಿ ಮನೆಗೆ ತರುತ್ತಿದ್ದವರು ಅಂಬುಜಾ. ಬೋರ್ನಿಯೋಗೆ ಈ ತಾಪತ್ರಯವಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಆದರೂ ಮನೌಸ್ ಎಂದರು.

ಮೂರ್ತಿ ಅಂದಿನಿಂದಲೇ ಹುರುಪಿನಿಂದ ತಯಾರಿಗೆ ಕೂತರು. ಅಪ್ಪನನ್ನು ಕರೆದುಕೊಂಡು ಹೋದರೆ ಅಲ್ಲಿನ ಗಿಳಿಗಳಿಗೆ ಮಾತಾಡಲು ಸರದಿ ಸಿಗುವುದಿಲ್ಲ ಎಂದು ಸಟನ್‌ನಲ್ಲಿರುವ ಮಗಳು ಬೃಂದಾ ಫೋನಿನಲ್ಲಿ ನಗೆಯಾಡಿದಳು. ಅಂಬುಜಾ ನಗಲಿಲ್ಲ. ಮರುವಾರ ಇಂಜೆಕ್ಷನ್ ಕ್ಲಿನಿಕ್ಕಿಗೆ ಗಂಡನನ್ನು ತಾವೇ ಕರೆದೊಯ್ದರು. ನರ್ಸ್ ಮಾತ್ರೆಯ ಹೆಸರು ಕೇಳಿ, ಕ್ಷಮಿಸಿ, ಆಗುವುದಿಲ್ಲ ಎಂದಾಗ ಆಶ್ಚರ್ಯಪಟ್ಟವರಂತೆ ನಟಿಸಿದರು. ನಟನೆ ಚೆನ್ನಾಗಿಯೇ ಬಂತು. ಟ್ಯೂಬ್ ರೈಲಿನಲ್ಲಿ ವಾಪಸು ಬರುವಾಗ ಮೂರ್ತಿ ಹೆಂಡತಿಯ ಕೈ ತಟ್ಟಿ ತಾವೇ ಸಮಾಧಾನ ಹೇಳಿದರು. ಅಂಬುಜಾ ಕಿಟಕಿಯ ಕಡೆ ಮುಖ ತಿರುಗಿಸಿದರು.

ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದುಕೊಂಡಿದ್ದರು. ಮುಗಿಯಲಿಲ್ಲ. ಭಾನುವಾರ ತಿಂಡಿ ತಿನ್ನುತ್ತ ಮೂರ್ತಿ ಹೊಸದೊಂದು ಉಪಾಯ ಹೇಳಿದರು.

“ಒಂದಷ್ಟು ತಿಂಗಳು ಮಾತ್ರೆ ನಿಲ್ಲಿಸಿಬಿಡ್ತೀನಿ ಕಣೇ. ಆಮೇಲೆ ಇಂಜೆಕ್ಷನ್ ಕೊಡಬಹುದಂತೆ, ಓದಿದೆ. ಜಿಪಿ ಡಾಕ್ಟರ ಹತ್ರ ಆಮೇಲೆ ಹೇಳಿದ್ರಾಯ್ತು. ನಿನ್ನೊಬ್ಬಳನ್ನೇ ಆ ಕಾಡಿಗೆ ಕಳಿಸಿ ನಾನಿಲ್ಲಿ ಟೀವಿ ನೋಡ್ಕೊಂಡು ಕೂರ್ಲಾ?”

ಅಂಬುಜಾಗೆ ಕೈಯಲ್ಲಿದ್ದ ದೋಸೆಯ ತುಂಡನ್ನು ಬಾಯಿಗಿಡಲಾಗಲಿಲ್ಲ. ಮಾತ್ರೆ ಶುರುವಾಗುವ ಮುಂಚಿನ ಚಳಿಗಾಲ ಅವರಿಗೆ ಚೆನ್ನಾಗಿ ನೆನಪಿದೆ. ಬೆರಳುಗಳೆಲ್ಲ ಊದಿಕೊಂಡು ಮೂರ್ತಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಹೆಂಡತಿ ಗುಂಡಿ ಹಾಕುವಾಗ ಕಣ್ಣಲ್ಲಿ ನೀರು ತುಂಬಿಕೊಂಡೇ ಕ್ರಿಕೆಟ್ ಕಾಮೆಂಟರಿ ಹೇಳುತ್ತಿದ್ದರು. ಈಗ ಮಾತ್ರೆ ಬಿಟ್ಟರೆ ಆ ಚಳಿಗಾಲ ಮತ್ತೆ ಬರುತ್ತದೆ, ತಮ್ಮ ಒಂದು ಸುಳ್ಳಿನ ದೆಸೆಯಿಂದ.

“ನಿಲ್ಲಿಸಬೇಡಿ. ಬೋರ್ನಿಯೋಗೆ ಈ ಇಂಜೆಕ್ಷನ್ನೇ ಬೇಡ. ನನಗೆ ಮೊದಲೇ ಗೊತ್ತಿತ್ತು.”

“ಮತ್ತೆ ಮನೌಸ್ ಅಂತ ಯಾಕೆ ಹಿಡ್ಕೊಂಡು ಕೂತೆ?”

“ಅಲ್ಲಿಗೆ ನೀವು ಬರೋಕಾಗಲ್ಲ ಅಂತ.”

ಮೂರ್ತಿ ತಟ್ಟೆಯನ್ನು ಸ್ವಲ್ಪ ಸರಿಸಿದರು.

“ಅಷ್ಟು ಮಾತಾಡ್ತೀನಾ ನಾನು?”

“ಹೂಂ.”

“ಬಾಯಿಬಿಟ್ಟು ಕೇಳಿದ್ರೆ ಇಲ್ಲೇ ಉಳ್ಕೊಳ್ತಿದ್ದೆ.”

“ಇಲ್ಲ ರೀ. ಬಾಯಿ ಮುಚ್ಕೊಂಡಿರ್ತೀನಿ ಅಂತ ಹೇಳಿ ಬರ್ತಿದ್ರಿ.”

ಮೂರ್ತಿಯ ಮುಖದಲ್ಲಿ ನಗು ಬಂದಂತಾಗಿ ಅರ್ಧಕ್ಕೇ ನಿಂತಿತು. ಬೋರ್ನಿಯೋಗೇ ಇಬ್ಬರೂ ಹೋಗೋಣ ಎಂದು ಅಂಬುಜಾ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಉತ್ಸಾಹವಿರಲಿಲ್ಲ. ಅದು ಇಬ್ಬರಿಗೂ ಕೇಳಿಸಿತು. ಮೂರ್ತಿ ಬೇಡವೆಂದು ತಲೆಯಾಡಿಸಿ ಎದ್ದು, ಕೈ ತೊಳೆದು, ಲ್ಯಾಪ್‌ಟಾಪ್ ತೆರೆದರು. ಮನೆಯ ಪ್ರವಾಸಗಳನ್ನೆಲ್ಲ ಬುಕ್ ಮಾಡುತ್ತಿದ್ದವರು ಅವರೇ. ಮನೌಸ್‌ನ ವಸತಿಗೃಹ, ದೋಣಿ, ವಿಮಾನ, ಒಂದೊಂದರಲ್ಲೂ ಇಬ್ಬರು ಎಂದಿದ್ದುದನ್ನು ಒಬ್ಬರು ಎಂದು ಬದಲಿಸಿದರು. ಕೆಲಸ ಮುಗಿಯುವವರೆಗೆ ತುಟಿ ಎರಡು ಮಾಡಲಿಲ್ಲ. ಆಮೇಲೆ ಕುರ್ಚಿ ಬಿಟ್ಟುಕೊಟ್ಟರು.

“ಕೊನೇ ಬಟನ್ ನೀನೇ ಒತ್ತು. ಅದನ್ನ ಮಾತ್ರ ನನ್ನ ಕೈಲಿ ಮಾಡಿಸ್ಬೇಡ.”

ಅಡುಗೆಮನೆಯಲ್ಲಿ ಅವರು ಕಾಫಿಗೆ ನೀರಿಡುವ ಸದ್ದು ಕೇಳುತ್ತಿತ್ತು. ಅಂಬುಜಾ ಬಹಳ ಹೊತ್ತು ಪರದೆಯನ್ನು ನೋಡುತ್ತ ಕೂತರು. ಒತ್ತದೆ ಎದ್ದುಹೋಗಬಹುದಿತ್ತು, ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಅವರು ಒತ್ತಿದರು. ಒತ್ತಿದ ಗಳಿಗೆಯಲ್ಲಿ ಮನಸ್ಸು ಹಗುರಾಯಿತು. ಗಂಡನಿಗೆ ಹೇಳಿದ ಸುಳ್ಳಿಗಿಂತ ಆ ಹಗುರವೇ ಅವರಿಗೆ ಹೆಚ್ಚು ನಾಚಿಕೆ ತಂದಿತು.