ಡೌನ್‌ಲೋಡ್‌ಗೆ ಮೂಗುದಾರ

ಮನೆಗೆ ಬರುವ ಇಂಟರ್ನೆಟ್ ಲೈನು ಒಂದೇ. ಒಂದು ಆ್ಯಪ್ ಅದನ್ನೆಲ್ಲ ಬಾಚಿಕೊಂಡರೆ ಉಳಿದವರ ಬಾಯಿಗೆ ಮಣ್ಣು. ಅದಕ್ಕೇ ನನ್ನ ತಂಗಿ ತಾನು ಬರೆದ ಸಿನಿಮಾ ಆ್ಯಪ್‌ನಲ್ಲಿ ಡೌನ್‌ಲೋಡ್‌ಗೆ ಮೂಗುದಾರ ಹಾಕಿದ್ದಳು: ಒಂದಷ್ಟು ಇಳಿಸಿಕೊ, ಗಡಿಯಾರ ನೋಡು, ಲೆಕ್ಕಕ್ಕಿಂತ ಬೇಗ ಇಳಿದಿದ್ದರೆ ಉಳಿದವರಿಗೆ ಲೈನು ಬಿಟ್ಟು ಕೊಂಚ ಸುಮ್ಮನಿರು.

ಅವಳ ಮ್ಯಾನೇಜರು ರಜೆಯ ದಿನ ಖಾಲಿ ಆಫೀಸಿನಲ್ಲಿ ಒಬ್ಬನೇ ಕೂತು ಪರೀಕ್ಷಿಸಿ, ಅವಳಿಗೆ ಫೋನ್ ಮಾಡಿದ. "ಏನಮ್ಮಾ, ಆಮೆಗೂ ಅಣ್ಣ ಇದು! ಜನ ಬೈತಾರೆ, ಕಿತ್ತಾಕು."

"ಸಾರ್, ಮನೇಲಿ ಬೇರೆಯವ್ರೂ ಇರ್ತಾರಲ್ಲ..."

"ಅವ್ರ ಚಿಂತೆ ನಮಗ್ಯಾಕೆ?"

ಕಿತ್ತಳು.

ಮೊನ್ನೆ ಅವಳ ಅತ್ತೆ ವಿಡಿಯೋ ಕಾಲ್‌ನಲ್ಲಿದ್ದರು. ಯಾವ ಮಾತ್ರೆ ನಿಲ್ಲಿಸಬೇಕೆಂದು ಡಾಕ್ಟರು ಹೇಳುವಾಗಲೇ ಪರದೆ ಕಲ್ಲಾಯಿತು. ಪಕ್ಕದ ಕೋಣೆಯಲ್ಲಿ ಮೈದುನ ಅದೇ ಆ್ಯಪ್‌ನಲ್ಲಿ ಸಿನಿಮಾ ಇಳಿಸುತ್ತಿದ್ದ.

"ಯಾವ ಪುಣ್ಯಾತ್ಮನೇ ಮಾಡಿದ್ದು ಆ ಆ್ಯಪ್ಪನ್ನ?" ಅತ್ತೆ ರೇಗಿದರು.

"ನಾನೇ ಅತ್ತೆ."

ಮರುದಿನ ಡಾಕ್ಟರು ಸಿಗುವಷ್ಟರಲ್ಲಿ ಅತ್ತೆ ಬಿಡಬೇಕಿದ್ದ ಮಾತ್ರೆಯನ್ನೂ ನುಂಗಿ, ತಲೆ ಸುತ್ತಿ ಹಾಸಿಗೆ ಹಿಡಿದಿದ್ದರು.

ತಂಗಿ ಯಾರನ್ನೂ ಕೇಳದೆ ಮೂಗುದಾರ ಮತ್ತೆ ಹಾಕಿದ್ದಾಳೆ. ಆ್ಯಪ್ ಬಳಸುವ ನೀವು ಬೈದರೆ, ಆ ಬೈಗುಳ ತೋರಿಸಿಯೇ ಮ್ಯಾನೇಜರು ಅದನ್ನು ಮತ್ತೆ ಕೀಳಿಸುತ್ತಾನೆ. ಆದ್ದರಿಂದ ಆ್ಯಪ್ ನಿಧಾನ ಎಂದು ಬೈಯುವ ಮುನ್ನ, ಎದ್ದು ಹೋಗಿ ಪಕ್ಕದ ಕೋಣೆಯಲ್ಲಿ ಯಾರು ಮಾತಾಡುತ್ತಿದ್ದಾರೆ ನೋಡಿಬನ್ನಿ.